ಪಾದದ ಮೇಲೆ ನಡೆದದ್ದು

ನನ್ನ ಗಂಡನಿಗೆ ಹಾವಿನ ಭಯವಿಲ್ಲ, ನಾಯಿಯ ಭಯವಿಲ್ಲ, ಕರೆಂಟಿನ ಭಯವಂತೂ ಮೊದಲೇ ಇಲ್ಲ. ಅಂಗಡಿಯ ಸ್ವಿಚ್ಚು ಕಿಡಿ ಹಾರಿಸಿದರೆ ಬರಿಗೈಯಲ್ಲೇ ಬಿಚ್ಚಲು ಹೋಗುವ ಮನುಷ್ಯ. ಆದರೆ ದೊಡ್ಡ ಜೇಡ ಕಂಡರೆ ಮುಗಿಯಿತು. ಮೂಲೆಯಲ್ಲಿ ಬಲೆ ಕಟ್ಟಿಕೊಂಡು ತನ್ನ ಪಾಡಿಗೆ ತಾನಿರುವ ಕಡ್ಡಿಕಾಲಿನ ಜೇಡದ ಜೊತೆ ಹೇಗೋ ಹೊಂದಿಕೊಂಡಿದ್ದರು. ನಾನು ಹೇಳುತ್ತಿರುವುದು ಅಂಗೈಯಗಲದ ಕಂದು ಜೇಡ. ಬಲೆ ಗಿಲೆ ಏನೂ ಕಟ್ಟದೆ ಗೋಡೆಗೆ ಅಂಟಿಕೊಂಡಿದ್ದು, ಇದ್ದಕ್ಕಿದ್ದಂತೆ ಓಡುವ ಜಾತಿ. ಅದನ್ನು ಕಂಡರೆ ಇವರ ಮುಖದ ರಕ್ತವೆಲ್ಲ ಇಳಿದುಹೋಗುತ್ತಿತ್ತು. ಎರಡೂ ಕಾಲು ಕುರ್ಚಿಯ ಮೇಲೆ ಬರುತ್ತಿದ್ದವು.

"ಅದು ಕಚ್ಚಿದ್ದು ಗೊತ್ತೇ ಆಗಲ್ವಂತೆ ಕಣೇ," ಎನ್ನುತ್ತಿದ್ದರು. "ನೋವೇ ಇರಲ್ಲ. ನಾಲ್ಕು ದಿನ ಆದ್ಮೇಲೆ ಕಪ್ಪಗಾಗಿ ಮಾಂಸ ಉದುರೋಕೆ ಶುರುವಾಗುತ್ತಂತೆ."

"ಯಾರು ಹೇಳಿದ್ದು?"

"ಹೇಳ್ತಾರಪ್ಪ ಜನ."

ಇಂಥವರು ಹಿಡಿದ ಕಸುಬು ಹಳೇ ಸೋಫಾ ರಿಪೇರಿ. ನೀರಿಗೆ ಹೆದರುವವನು ಮೀನು ಹಿಡಿಯಲು ಹೋದ ಹಾಗೆ. ಹಳೇ ಸೋಫಾದ ಹೊಟ್ಟೆಯೊಳಗೆ ಏನಿರುತ್ತದೆ ಎಂದು ಅದರ ಮೇಲೆ ಕೂತವರಿಗೆ ಗೊತ್ತಿಲ್ಲ. ಕಳೆದುಹೋದ ಬಾಚಣಿಗೆ, ಕಡಲೆಬೀಜದ ಸಿಪ್ಪೆ, ಮಕ್ಕಳ ಪೆನ್ಸಿಲು, ಒಮ್ಮೊಮ್ಮೆ ಯಾರದೋ ಹಲ್ಲಿನ ಸೆಟ್ಟು. ಇವೆಲ್ಲದರ ನಡುವೆ ಬಾಡಿಗೆಯಿಲ್ಲದೆ ಸಂಸಾರ ಹೂಡಿಕೊಂಡಿರುವ ಜೇಡಗಳು. ಅದಕ್ಕೆ ಇವರೊಂದು ಉಪಾಯ ಮಾಡಿಕೊಂಡಿದ್ದರು. ಸೋಫಾವನ್ನು ಬೋರಲು ಹಾಕಿ, ತಳದ ಬಟ್ಟೆಯ ಒಂದು ಮೂಲೆಯನ್ನಷ್ಟೇ ಕತ್ತರಿಸಿ, ಮರದ ಸುತ್ತಿಗೆಯಿಂದ ಚೌಕಟ್ಟಿಗೆ ಮೂರು ಸಲ ಬಡಿದು ಚಹಾ ಕುಡಿಯಲು ಹೊರಗೆ ಹೋಗುತ್ತಿದ್ದರು. ಹತ್ತು ನಿಮಿಷ. ಒಳಗಿದ್ದವರು ಗಂಟುಮೂಟೆ ಕಟ್ಟಿಕೊಂಡು ಹೊರಡಲಿ ಎಂದು. ಆ ಹತ್ತು ನಿಮಿಷದಲ್ಲಿ ಹೊರಬಂದವರನ್ನು ಹಿಡಿದು ಹಿತ್ತಲಿಗೆ ಬಿಡುವುದು ನನ್ನ ಕೆಲಸ.

ನಮ್ಮ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಒಂದು ಶಟರು, ಒಂದು ಟ್ಯೂಬ್‌ಲೈಟು, ಗೋಡೆಯುದ್ದಕ್ಕೂ ಸುತ್ತಿಟ್ಟ ರೆಕ್ಸಿನ್ನು, ಮೂಲೆಯಲ್ಲಿ ಸೀಲಿಂಗಿನವರೆಗೆ ಫೋಮಿನ ಹಾಳೆಗಳು, ಎಲ್ಲದಕ್ಕೂ ಅಂಟಿನ ವಾಸನೆ. ಒಂದು ಕಡೆ ನನ್ನ ಹೊಲಿಗೆ ಮಿಶಿನ್ನು. ಕವರು, ದಿಂಬು ಹೊಲಿಯುವುದು ನಾನು. ನನ್ನೆದುರಿಗೆ ಮೋಟು ಸ್ಟೂಲಿನ ಮೇಲೆ ಇವರು, ಬಾಯಿ ತುಂಬ ಸಣ್ಣ ಮೊಳೆ. ನಾಲಿಗೆಯಿಂದ ಒಂದೊಂದಾಗಿ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೆಯುವುದು. ಬಾಯಲ್ಲಿ ಮೊಳೆ ಇಟ್ಟುಕೊಂಡವರು ಮಾತಾಡುವಂತಿಲ್ಲ. ನಮ್ಮ ಸಂಸಾರ ಇಪ್ಪತ್ತಾರು ವರ್ಷ ಜಗಳವಿಲ್ಲದೆ ನಡೆದದ್ದು ಅದರಿಂದಲೇ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಸಂಜೆ ಅಂಗಡಿ ಮುಚ್ಚುವ ಮೊದಲು, ಹಳೇ ಸ್ಪೀಕರಿನಿಂದ ಕಿತ್ತ ದಪ್ಪ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆಲ್ಲ ಎಳೆಯುತ್ತಿದ್ದರು. ಬಿದ್ದ ಮೊಳೆಯೆಲ್ಲ ಅದಕ್ಕೆ ಅಂಟಿಕೊಳ್ಳುತ್ತಿತ್ತು. ನಮ್ಮ ನೆಲದ ಮೇಲೆ ಮಗು ಅಂಬೆಗಾಲಿಟ್ಟು ಬೆಳೆದಿದೆ, ಒಂದು ದಿನ ಒಂದು ಮೊಳೆ ಚುಚ್ಚಿದ್ದಿಲ್ಲ.

ಜೇಡದ ವಿಷಯಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಅದು ಹುಟ್ಟಿದ್ದು ಮದುವೆಯಾದ ಮೂರನೇ ತಿಂಗಳಲ್ಲಿ. ಇವರು ಸ್ಟೂಲು ಹತ್ತಿ ಬಲ್ಬು ಹಾಕುತ್ತಿದ್ದರು. ತಲೆಯಿಂದ ಗೇಣುದೂರದಲ್ಲಿ ಗೋಡೆಯ ಮೇಲೆ ಒಂದು ಕೂತಿತ್ತು. ನಾನು ಕಿಟಾರನೆ ಕಿರುಚಿದೆ. ಇವರು ಏನು ಎತ್ತ ಎಂದು ನೋಡದೆ ಅಲ್ಲಿಂದ ಹಾರಿ, ಮಿಶಿನ್ನಿನ ಅಂಚಿಗೆ ಹಣೆ ಬಡಿಸಿಕೊಂಡು, ಆರು ಹೊಲಿಗೆ ಹಾಕಿಸಿಕೊಂಡರು. ಬ್ಯಾಂಡೇಜು ಸುತ್ತಿಸಿಕೊಂಡು ಬಂದ ದಿನವೇ ನನ್ನ ಕೈ ಹಿಡಿದು ಹೇಳಿದರು:

"ಇನ್ಮೇಲೆ ಕಂಡ್ರೆ ನನಗೆ ಹೇಳಲೇಬೇಡ. ಸುಮ್ನೆ ತೆಗೆದು ಆಚೆ ಹಾಕಿಬಿಡು. ನನಗೆ ಗೊತ್ತಾಗದೆ ಇದ್ರೆ ಸಾಕು."

ಆ ಮಾತನ್ನು ನಾನು ನಡೆಸಿಕೊಟ್ಟೆ. ಒಂದು ಪ್ಲಾಸ್ಟಿಕ್ ಡಬ್ಬಿ, ಕ್ಯಾಲೆಂಡರಿನ ಹಿಂದಿನ ರಟ್ಟು, ಇವೆರಡು ಸದಾ ಕೈಗೆಟಕುವಂತೆ ಇರುತ್ತಿದ್ದವು. ಜೇಡದ ಮೇಲೆ ಡಬ್ಬಿ ಬೋರಲು ಹಾಕುವುದು, ಅಡಿಗೆ ರಟ್ಟು ತೂರಿಸುವುದು, ಹಿತ್ತಲಿಗೆ ಒಯ್ಯುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಮ್ಮ ಮಗಳು ಸರಿಯಾಗಿ ಮಾತು ಕಲಿಯುವ ಮೊದಲೇ ಜೇಡ ಕಂಡರೆ ಸುಮ್ಮನಿರುವುದನ್ನು ಕಲಿತಳು. ನನ್ನ ತೋಳು ಜಗ್ಗಿ ಕಣ್ಣಲ್ಲೇ ಗೋಡೆ ತೋರಿಸುತ್ತಿದ್ದಳು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಂಗಾರಕ್ಕೇನೂ ಕೊರತೆಯಿರಲಿಲ್ಲ.

ಇವರಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆಯನ್ನು ನೆನಪಾದರೆ ನುಂಗುವುದು, ಇಲ್ಲದಿದ್ದರೆ ಇಲ್ಲ. ಎರಡು ವರ್ಷದಿಂದ, "ಕಾಲು ಫೋಮಿನ ಮೇಲೆ ಇಟ್ಟ ಹಾಗಿರುತ್ತೆ ಕಣೇ, ಕಸುಬು ಕಾಲಿಗೆ ಇಳೀತು," ಎಂದು ತಮಾಷೆ ಮಾಡುತ್ತಿದ್ದರು. ಒಂದು ದಿನ ಹೊರಗಿಂದ ಬಂದವರು ಒಂದು ಚಪ್ಪಲಿಯನ್ನು ಬೀದಿಯಲ್ಲೆಲ್ಲೋ ಕಳೆದುಕೊಂಡು, ಇನ್ನೊಂದರಲ್ಲೇ ಅಂಗಡಿಯೆಲ್ಲ ಓಡಾಡಿದರು. ಕಾಲು ಗಂಟೆ ಕಳೆದ ಮೇಲೆ ಗಿರಾಕಿಯೊಬ್ಬರು ತೋರಿಸಿದಾಗಲೇ ಗೊತ್ತಾದದ್ದು. ಮಗಳು, ನಾನು, ಇವರು, ಗಿರಾಕಿ, ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಅವತ್ತು ಮಂಗಳವಾರ. ಮಧ್ಯಾಹ್ನದ ಸೆಕೆ. ನಿವೃತ್ತ ಹೆಡ್‌ಮಾಸ್ಟರೊಬ್ಬರ ಮೂರು ಸೀಟಿನ ಸೋಫಾ ಬೋರಲು ಬಿದ್ದಿತ್ತು. ಬಡಿಯುವುದು, ಚಹಾ, ಎಲ್ಲ ಆಗಿತ್ತು. ಒಳಗಿಂದ ಯಾರೂ ಹೊರಟಿರಲಿಲ್ಲ. ಇವರು ಕ್ಯಾನ್ವಾಸ್ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲು ಚಾಚಿ, ಸೀಟಿನ ಕೆಳಗಿನ ಪಟ್ಟಿ ಬಿಗಿಯುತ್ತಿದ್ದರು. ಎರಡೂ ಕೈ ಪಟ್ಟಿಯಲ್ಲಿ, ಬಾಯಲ್ಲಿ ಮೊಳೆ, ಕಣ್ಣು ಚೌಕಟ್ಟಿನಲ್ಲಿ. ನಾನು ದಿಂಬಿನ ಕವರಿಗೆ ಜಿಪ್ ಕೂರಿಸುತ್ತಿದ್ದೆ. ತಲೆ ಎತ್ತಿದಾಗ ಅದು ಸೋಫಾದ ಸ್ಪ್ರಿಂಗಿನ ಸಂದಿಯಿಂದ ಇಳಿಯುತ್ತಿತ್ತು.

ಅಷ್ಟು ದೊಡ್ಡದನ್ನು ನಾನು ನೋಡಿರಲಿಲ್ಲ. ಕಾಲು ಬಿಡಿಸಿದರೆ ನನ್ನ ಅಂಗೈ ತುಂಬಿ ಬೆರಳಿನ ಬುಡದವರೆಗೂ ಬರುವಂಥದ್ದು. ನೆಲಕ್ಕಿಳಿದು ಒಂದು ಕ್ಷಣ ನಿಂತಿತು. ಆಮೇಲೆ ನೇರ ಇವರ ಬಲಗಾಲಿನ ಹಿಮ್ಮಡಿ ಹತ್ತಿತು.

ನಾನು ಬಾಯಿ ಬಿಡಲಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸ, ಗಂಟಲು ತಾನಾಗಿಯೇ ಬೀಗ ಹಾಕಿಕೊಂಡಿತು. ಅದು ಹಿಮ್ಮಡಿಯ ಪಕ್ಕದಿಂದ ಪಾದದ ಮೇಲಕ್ಕೆ ಬಂತು. ಅಲ್ಲಿ ನಿಂತು ಮುಂಗಾಲು ಎರಡನ್ನು ಎತ್ತಿ ಗಾಳಿಯನ್ನು ತಡವಿತು. ಮತ್ತೆ ನಿಧಾನಕ್ಕೆ ನಡೆದು ಹೆಬ್ಬೆರಳಿನ ಬುಡದಲ್ಲಿ ಕೂತಿತು. ಒಂದು ಜಿಪ್ ಹೊಲಿದು ಮುಗಿಸುವಷ್ಟು ಹೊತ್ತು ಕೂತಿತ್ತು. ನಾನು ಕತ್ತರಿ ಹುಡುಕುವವಳ ಹಾಗೆ ಎದ್ದು, ಡಬ್ಬಿ ತೆಗೆದುಕೊಂಡು ಹತ್ತಿರ ಹೋದೆ. ಅದು ಬೆರಳಿನ ಮೇಲಿಂದ ನೆಲಕ್ಕಿಳಿಯಿತು. ಡಬ್ಬಿ ಬೋರಲು ಹಾಕಿದೆ.

"ಏನೇ?" ಎಂದರು ಮೊಳೆಗಳ ನಡುವಿನಿಂದ.

"ಸೂಜಿ ಬಿತ್ತು."

ಹಿತ್ತಲಿನ ಗೋಡೆಯಾಚೆ ಅದನ್ನು ಬಿಟ್ಟು ಬಂದು ಮಿಶಿನ್ನಿನ ಮುಂದೆ ಕೂತೆ. ಒಳಗೆ ಏನೋ ಹೆಮ್ಮೆ. ಮೈಮೇಲೆ ದಾರ ಬಿದ್ದರೂ ಹಾರುವ ಮನುಷ್ಯನ ಬರಿಗಾಲ ಮೇಲೆ ಅಂಥದ್ದೊಂದು ನಡೆದುಹೋಗಿದೆ, ಅವರಿಗೆ ಗೊತ್ತೇ ಆಗಿಲ್ಲ. ಕೆಲಸದಲ್ಲಿ ಮುಳುಗಿದ್ದರು, ನಮ್ಮ ಪುಣ್ಯ ಎಂದುಕೊಂಡೆ. ಅವತ್ತು ನಾನು ನಿಜವಾಗಿಯೂ ಸಂತೋಷವಾಗಿದ್ದೆ.

ಒಂಬತ್ತು ದಿನ ಕಳೆದ ಮೇಲೆ ನೆಲ ಒರೆಸುವಾಗ ಕಲೆ ಕಂಡಿತು. ಸ್ನಾನದ ಕೋಣೆಯಿಂದ ಅಂಗಡಿಯವರೆಗೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ, ತೇವದ ಕಂದು ಗುರುತು. ಬಲಗಾಲಿನದು ಮಾತ್ರ. ಹಿಂದಿನಿಂದ ಹೋಗಿ ಇವರನ್ನು ಕೂರಿಸಿ ಕಾಲೆತ್ತಿ ನೋಡಿದೆ. ಹೆಬ್ಬೆರಳಿನ ಕೆಳಗೆ ಅಂಗಾಲಿನಲ್ಲಿ ಒಂದು ತೂತು. ಕಿರುಬೆರಳಿನ ಉಗುರಿನಷ್ಟು. ಅಂಚು ಕಪ್ಪು, ಸುತ್ತ ಕೆಂಪು, ಒಳಗಿಂದ ಕೆಟ್ಟ ವಾಸನೆ.

"ಇದೇನ್ರೀ ಇದು? ನೋವಿಲ್ವಾ?"

"ಯಾವುದು?" ಎಂದು ಬಗ್ಗಿ ನೋಡಲು ಹೋದರು. ಹೊಟ್ಟೆ ಅಡ್ಡ ಬಂತು, ಕಾಣಲಿಲ್ಲ. "ಏನೂ ನೋವಿಲ್ವಲ್ಲೇ."

ನೋವಿಲ್ಲ. ಕಪ್ಪಗಾಗಿದೆ. ಹೆಬ್ಬೆರಳಿನ ಬುಡ. ಇವರು ಇಪ್ಪತ್ತಾರು ವರ್ಷದಿಂದ ಹೇಳುತ್ತಿದ್ದದ್ದು ಅಕ್ಷರಕ್ಕೆ ಅಕ್ಷರ ಕಣ್ಣಮುಂದಿತ್ತು. ಅವತ್ತು ಅದು ಕಚ್ಚಿಯೇ ಹೋಗಿತ್ತು, ನಾನು ಸೂಜಿ ಬಿತ್ತು ಎಂದಿದ್ದೆ.

"ಮೊಳೆ ಚುಚ್ಚಿರ್ಬೇಕು ಬಿಡಿ," ಎಂದೆ.

ಅದು ಸುಳ್ಳು. ಆ ಹೊತ್ತಿನಲ್ಲಿ ನನ್ನ ಮಟ್ಟಿಗೆ ಅದು ಶುದ್ಧ ಸುಳ್ಳು. ಜೇಡ ಕಚ್ಚಿದೆ ಎಂದರೆ ಇವರ ಎದೆಯೇ ನಿಂತುಹೋದೀತು ಎಂದು ಬಾಯಿಗೆ ಬಂದದ್ದನ್ನು ಹೇಳಿದೆ.

"ಮೊಳೆನಾ? ಮೊಳೆ ಚುಚ್ಚಿದ್ರೆ ನನಗೆ ಗೊತ್ತಾಗಲ್ವಾ? ಮೊಳೆ ತಿಂದೇ ಬದುಕಿರೋನು ನಾನು," ಎಂದು ನಕ್ಕರು. ಮತ್ತೆ ಕೆಲಸಕ್ಕೆ ಕೂತರು.

ಬೀದಿಯ ಕೊನೆಯಲ್ಲಿ ಔಷಧಿ ಅಂಗಡಿ. ಅಲ್ಲಿನವರು ಅರ್ಧ ಡಾಕ್ಟರು ಎಂದು ನಮ್ಮ ಕಡೆ ಹೆಸರು. ಉಳಿದರ್ಧ ಯಾರೂ ಕೇಳಿದವರಿಲ್ಲ. "ಜೇಡ ಕಚ್ಚಿದೆ," ಎಂದೆ. "ಖಂಡಿತಾನಾ?" ಎಂದರು. "ನಾನೇ ಕಣ್ಣಾರೆ ನೋಡಿದ್ದೀನಿ. ಇಷ್ಟು ದೊಡ್ಡದು." ಕಣ್ಣಾರೆ ನೋಡಿದವಳ ಮುಂದೆ ಅವರಾದರೂ ಏನು ವಾದ ಮಾಡಿಯಾರು? ಒಂದು ಮುಲಾಮು, ಅಲರ್ಜಿಗೆ ಮಾತ್ರೆ, ಐದು ದಿನ. ತಣ್ಣೀರಿನ ಪಟ್ಟಿ ಹಾಕಿ ಎಂದರು. ಸಕ್ಕರೆ ಕಾಯಿಲೆ ಇದೆಯಾ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಜೇಡ ಕಚ್ಚಿದ್ದಕ್ಕೂ ಸಕ್ಕರೆಗೂ ಏನು ಸಂಬಂಧ ಎಂದುಕೊಂಡಿದ್ದೆ.

ಮಗಳಿಗೆ ಫೋನು ಮಾಡಿದೆ. ಅವಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ, ಎರಡು ಗಂಟೆ ದಾರಿಯ ಊರಲ್ಲಿ.

"ಅಪ್ಪಂಗೆ ಹೇಳಿದ್ಯಾ?"

"ಹುಚ್ಚು ಹಿಡಿದಿದ್ಯಾ ನಿಂಗೆ? ಮೊಳೆ ಅಂದಿದ್ದೀನಿ."

"ಒಳ್ಳೇದಾಯ್ತು." ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಫೋನು ಮಾಡಿದಳು. "ಅಮ್ಮಾ, ಮೊಬೈಲಲ್ಲಿ ನೋಡ್ದೆ. ಕೆಲವು ಜೇಡ ಕಚ್ಚಿದ್ರೆ ಹಿಂಗೇ ಆಗುತ್ತಂತೆ. ಮೊದಲು ನೋವಿರಲ್ಲ, ಆಮೇಲೆ ಕಪ್ಪು. ಫೋಟೋ ನೋಡಿದ್ರೆ ಊಟ ಸೇರಲ್ಲ. ಮುಲಾಮು ಬಿಡದೆ ಹಚ್ಚು."

ಬಿಡದೆ ಹಚ್ಚಿದೆ. ದಿನಕ್ಕೆ ಮೂರು ಹೊತ್ತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಲು ಕಾದೆ. ಮನೆಯ ಮೂಲೆಮೂಲೆಯನ್ನೂ ಗುಡಿಸಿ, ಫೋಮಿನ ಹಾಳೆಗಳನ್ನು ಹೊರಗೆಳೆದು ಒದರಿ, ಸಂದಿಗೊಂದಿಗೆಲ್ಲ ಔಷಧಿ ಹೊಡೆದೆ. ಇವರು ಬೂಟು ಬಿಟ್ಟು ಚಪ್ಪಲಿ ಹಾಕಿಕೊಂಡು, ಬ್ಯಾಂಡೇಜು ಕಟ್ಟಿದ ಕಾಲಲ್ಲೇ ಹೆಡ್‌ಮಾಸ್ಟರ ಸೋಫಾ ಮುಗಿಸಿದರು. ನೋವಿಲ್ಲದ ಕಾಲಿಗೆ ರಜೆ ಯಾಕೆ ಎಂದು ಅವರ ವಾದ.

ಆರನೇ ದಿನ ಬೆಳಿಗ್ಗೆ ಚಳಿಜ್ವರ. ಪಾದ ಊದಿ ಹೊಳೆಯುತ್ತಿತ್ತು, ಕೆಂಪು ಗೆರೆಯೊಂದು ಪಾದದ ಗಂಟು ದಾಟಿ ಮೇಲೆ ಹತ್ತಿತ್ತು. ಮಗಳು ಮೊದಲ ಬಸ್ಸಿಗೇ ಬಂದಳು. ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನನ್ನ ಮುಖ ನೋಡಿದಳು. ಆ ವಾಸನೆ ನನಗೆ ರೂಢಿಯಾಗಿಬಿಟ್ಟಿತ್ತು.

ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ. ಮಗಳಿಗಿಂತ ಐದಾರು ವರ್ಷ ದೊಡ್ಡವರಿರಬಹುದು. ಅವರು ಬ್ಯಾಂಡೇಜು ಬಿಚ್ಚುವ ಮೊದಲೇ ನಾನು ಕಣ್ಸನ್ನೆ ಮಾಡಿ ಬಾಗಿಲಾಚೆ ಕರೆದೆ.

"ಡಾಕ್ಟ್ರೇ, ಅದು ಜೇಡ ಕಚ್ಚಿರೋದು. ಅವರ ಮುಂದೆ ಹೇಳ್ಬೇಡಿ, ತುಂಬಾ ಹೆದರ್ತಾರೆ. ಅವರಿಗೆ ಮೊಳೆ ಅಂತ ಹೇಳಿದ್ದೀನಿ."

"ಕಚ್ಚಿದ್ದು ನೋಡಿದ್ರಾ?"

"ಕಾಲ ಮೇಲೆ ನಡೆದಿದ್ದು ನೋಡಿದೆ. ಹಿಮ್ಮಡಿಯಿಂದ ಹೆಬ್ಬೆರಳವರೆಗೂ. ಅಂಗೈಯಷ್ಟು ದೊಡ್ಡದು."

"ಅವರು ಏನು ಮಾಡಿದ್ರು?"

"ಅವರಿಗೆ ಗೊತ್ತೇ ಆಗ್ಲಿಲ್ಲ," ಎಂದೆ. ಆ ಮಾತಿನಲ್ಲಿ ಇನ್ನೂ ಒಂಚೂರು ಹೆಮ್ಮೆ ಉಳಿದಿತ್ತು ಎಂದು ನನಗೆ ನಾಚಿಕೆಯಾಗುತ್ತದೆ.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಬೂಟು ಹಾಕಿದ್ರಾ?"

"ಇಲ್ಲ. ಬರಿಗಾಲು."

"ಜೇಡ ಕಂಡ್ರೆ ಅಷ್ಟು ಹೆದರೋ ಮನುಷ್ಯ. ಬರಿಗಾಲ ಮೇಲೆ ಅಷ್ಟು ದೊಡ್ಡದು ನಡೀತು. ಗೊತ್ತಾಗ್ಲಿಲ್ಲ." ಅವರು ನನ್ನನ್ನು ಕೇಳುತ್ತಿರಲಿಲ್ಲ, ಒಂದೊಂದೇ ಮಾತನ್ನು ಜೋಡಿಸಿಕೊಳ್ಳುತ್ತಿದ್ದರು. "ಯಾವತ್ತು ಇದು?"

ಹದಿನೈದು ದಿನ ಆಯಿತು ಎಂದೆ. ಅವರು ಒಳಗೆ ಹೋದರು.

ಮೇಜಿನ ಖಾನೆಯಿಂದ ಒಂದು ಕಡ್ಡಿ ತೆಗೆದರು, ಅದರ ತುದಿಯಲ್ಲಿ ಮೀನಿನ ಗಾಳದ ದಾರದಂಥ ಗಟ್ಟಿ ಎಳೆ. ಇವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. "ನಾನು ಮುಟ್ಟಿದಾಗ ಹೂಂ ಅನ್ನಿ." ಮೊದಲು ಮುಂಗೈಗೆ ಮುಟ್ಟಿಸಿದರು. ಇವರು ಹೂಂ ಎಂದರು. ಆಮೇಲೆ ಬಲಪಾದ. ಬೆರಳ ತುದಿ, ಬೆರಳ ಬುಡ, ಮಧ್ಯೆ, ಅಂಚು, ಹಿಮ್ಮಡಿ. ಎಳೆ ಬಾಗುವಷ್ಟು ಒತ್ತಿ ಹತ್ತು ಕಡೆ ಮುಟ್ಟಿಸಿದರು. ಇವರು ಕಣ್ಣು ಮುಚ್ಚಿಕೊಂಡು, ಒಳ್ಳೇ ವಿದ್ಯಾರ್ಥಿಯ ಹಾಗೆ ನೆಟ್ಟಗೆ ಕೂತು, ಹೂಂ ಎನ್ನಲು ತಯಾರಾಗಿ ಕಾಯುತ್ತಿದ್ದರು. ಪಾದದ ಮೇಲ್ಭಾಗದಲ್ಲಿ, ಅದು ನಡೆದ ದಾರಿಯಲ್ಲೇ, ಎಳೆ ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗೆ ಹೋಯಿತು.

"ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?" ಎಂದು ಕೇಳಿದರು.

ಮಗಳು ಕಿಟಕಿಯ ಕಡೆ ತಿರುಗಿದಳು. ನಾನು ನೋಡುತ್ತಲೇ ಇದ್ದೆ. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಇರುತ್ತದಲ್ಲ, ನಮ್ಮದೇ ಆಗಿದ್ದೂ ನಮ್ಮದಲ್ಲದ ಹಾಗೆ, ಅವತ್ತಿನಿಂದ ನನ್ನ ಇಡೀ ಮೈ ಹಾಗಿದೆ.

ಯಾವ ಪಾದರಕ್ಷೆ ಹಾಕುತ್ತಾರೆ ಎಂದು ಡಾಕ್ಟರಮ್ಮ ಕೇಳಿದರು. ಮಗಳು ಆಟೋದಲ್ಲಿ ಹೋಗಿ ಮೂಲೆಯಲ್ಲಿ ಬಿದ್ದಿದ್ದ ಕ್ಯಾನ್ವಾಸ್ ಬೂಟು ತಂದಳು. ಅವರು ಒಳಗೆ ಟಾರ್ಚು ಬಿಟ್ಟು ನೋಡಿ, ಚಿಮಟದಿಂದ ಹಿಡಿದು ಎಳೆದರು. ನಮ್ಮದೇ ಮೊಳೆ. ಅಟ್ಟೆಯನ್ನು ಹೊಕ್ಕು, ತುದಿ ಒಳಗೆ ಅಕ್ಕಿಕಾಳಿನಷ್ಟು ಎದ್ದಿತ್ತು. ತಲೆ ಸವೆದು ಕನ್ನಡಿಯಾಗಿತ್ತು. ಎಷ್ಟೋ ದಿನ ಅದರ ಮೇಲೆಯೇ ನಡೆದಾಡಿದ್ದಾರೆ ಎಂದರು ಡಾಕ್ಟರಮ್ಮ. ನೆಲಕ್ಕೆ ಬಿದ್ದದ್ದನ್ನೆಲ್ಲ ಅಯಸ್ಕಾಂತ ಹಿಡಿಯುತ್ತಿತ್ತು. ಕಾಲಿಗೆ ಹೋದದ್ದನ್ನು ಯಾರು ಹಿಡಿಯಬೇಕು?

"ಜೇಡ ಕಚ್ಚಿದೆ ಅಂತ ಬರ್ತಾರಮ್ಮ ಜನ," ಎಂದರು, ನನ್ನೊಬ್ಬಳನ್ನೇ ಹೊರಗೆ ಕರೆದು. ಸ್ವರದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಕಚ್ಚಲ್ಲ ಅಂತಲ್ಲ, ಕೆಲವು ಕಚ್ಚುತ್ತೆ. ಆದ್ರೆ ನಾನು ನೋಡಿದ ಗಾಯಗಳಲ್ಲಿ ಮುಕ್ಕಾಲು ಪಾಲು ಜೇಡದ್ದಲ್ಲ. ಸಕ್ಕರೆ ಇರೋರಿಗೆ ಪಾದದ ಸ್ಪರ್ಶ ಹೊರಟುಹೋಗುತ್ತೆ. ಏನು ಚುಚ್ಚಿದ್ರೂ ತಿಳಿಯಲ್ಲ. ಅಂಗಾಲನ್ನ ದಿನಾ ಕನ್ನಡಿ ಹಿಡಿದು ನೋಡ್ಬೇಕು."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಸಾವಿರ ಸಲ ಹೇಳಿದ್ದೇನೆ. ಅಂಗಾಲಿನ ಹುಣ್ಣಿಗೆ ಬೇಕು ಎಂದು ಯಾರೂ ನನಗೆ ಹೇಳಿರಲಿಲ್ಲ.

"ಅವತ್ತೇ ಬಂದಿದ್ರೆ?" ಎಂದು ಕೇಳಿದೆ. "ಅದು ನಡೆದ ದಿನ?"

"ಕಾಲು ಪರೀಕ್ಷೆ ಮಾಡ್ತಿದ್ವಿ. ಬೂಟು ನೋಡ್ತಿದ್ವಿ. ಗಾಯ ಇದ್ದಿದ್ರೆ ಚಿಕ್ಕದಿರ್ತಿತ್ತು."

ಸೋಂಕು ಮೂಳೆಗೆ ಇಳಿದಿತ್ತು, ರಕ್ತಕ್ಕೂ ಏರುತ್ತಿತ್ತು. ಎರಡು ದಿನ ಸೂಜಿಮದ್ದು ಕೊಟ್ಟು ನೋಡಿದರು. ಮೂರನೇ ದಿನ ದೊಡ್ಡ ಡಾಕ್ಟರು ಬಂದು, ಮೊಣಕಾಲಿನ ಕೆಳಗೆ ತೆಗೆಯಬೇಕು, ತಡ ಮಾಡಿದರೆ ಜೀವಕ್ಕೇ ಅಪಾಯ ಎಂದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಅನ್ನುತ್ತಾರೆ. ಉಗುರಿನಲ್ಲಿ ಹೋಗುತ್ತಿದ್ದಾಗ ನಾನು ಮುಲಾಮು ಹಚ್ಚುತ್ತಿದ್ದೆ. ಕಾಗದ ತಂದರು, ಸಹಿ ಮಾಡಿದೆ. ಅಕ್ಷರ ಎಂದಿನ ಹಾಗೆಯೇ ಬಂತು. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ. ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆ, ಲೋಟ ತೊಳೆದಿಟ್ಟು ಬಂದೆ. ಅಲ್ಲಿ ಲೋಟ ತೊಳೆಯಲು ಬೇರೆ ಜನ ಇದ್ದಾರೆ ಎಂದು ಆಮೇಲೆ ಹೊಳೆಯಿತು.

ಇವರು ನನಗಿಂತ ಗಟ್ಟಿಯಾಗಿದ್ದರು, ಅಥವಾ ಹಾಗೆ ಕಾಣಿಸಿಕೊಂಡರು. "ಕೂತು ಮಾಡೋ ಕೆಲಸ ತಾನೇ? ಮೊಳೆ ಹೊಡೆಯೋಕೆ ಕಾಲು ಬೇಕಾ?" ಎಂದು ಮಗಳಿಗೆ ಸಮಾಧಾನ ಹೇಳಿದರು. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ನರ್ಸು ಬಂದು ಮೊಣಕಾಲಿನ ಕೆಳಗೆ ನೀಲಿ ಪೆನ್ನಿನಿಂದ ಗೆರೆ ಎಳೆದು ಹೋದರು. ಬಟ್ಟೆ ಕತ್ತರಿಸುವ ಮೊದಲು ನಾನು ಎಳೆಯುವಂಥದ್ದೇ ಗೆರೆ. ಮಗಳು ಔಷಧಿಯ ಚೀಟಿ ಹಿಡಿದು ಕೆಳಗೆ ಹೋಗಿದ್ದಳು. ಪಕ್ಕದ ಹಾಸಿಗೆಯಲ್ಲಿ ಕೈ ಮುರಿದುಕೊಂಡ ಬಣ್ಣದ ಕೆಲಸದವರೊಬ್ಬರಿದ್ದರು. ಇವರು ಅವರ ಜೊತೆ ಮಾತಿಗಿಳಿದರು.

"ನಮ್ಮನೆಯವಳು ಮೊದಲನೇ ದಿನಾನೇ ಹೇಳಿದ್ಲು ನೋಡಿ, ಮೊಳೆ ಅಂತ. ನೋಡಿದ ಕೂಡ್ಲೇ ಹೇಳಿದ್ಲು. ನಾನೇ ನಂಬಲಿಲ್ಲ, ನಕ್ಕುಬಿಟ್ಟೆ. ಹೆಂಡತಿ ಮಾತು ಕೇಳ್ಬೇಕು ಸ್ವಾಮಿ."

ಬಣ್ಣದವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಆ ನೋಟವನ್ನು ಹೊತ್ತುಕೊಂಡು ಮನೆಗೆ ಹೋಗಿ ಇನ್ನೂ ಮೂವತ್ತು ವರ್ಷ ಇವರ ಜೊತೆ ಬಾಳುವುದು ನನ್ನಿಂದ ಸಾಧ್ಯವಿರಲಿಲ್ಲ. ಮಧ್ಯದ ಪರದೆ ಎಳೆದೆ. ಹಾಸಿಗೆಯ ತುದಿಯಲ್ಲಿ ಕೂತೆ.

"ರೀ, ನಾನು ಮೊಳೆ ಅಂದಿದ್ದು ಸುಳ್ಳು."

"ಸುಳ್ಳಾ? ಮೊಳೆ ಸಿಕ್ತಲ್ಲೇ."

"ಸಿಕ್ಕಿದ್ದು ಆಮೇಲೆ. ನಾನು ಹೇಳುವಾಗ ನನಗೆ ಗೊತ್ತಿರ್ಲಿಲ್ಲ. ಜೇಡ ಕಚ್ಚಿದೆ ಅಂದ್ಕೊಂಡಿದ್ದೆ. ಆ ಮುಲಾಮು ಜೇಡಕ್ಕೆ."

ಇಪ್ಪತ್ತಾರು ವರ್ಷದಲ್ಲಿ ನಾನು ಇವರ ಮುಂದೆ ಆ ಹೆಸರು ಎತ್ತಿದ್ದು ಅದೇ ಮೊದಲು. ಇವರ ಮುಖ ನೋಡಿದೆ. ಏನೂ ಆಗಲಿಲ್ಲ.

"ಯಾಕೆ ಹಂಗಂದ್ಕೊಂಡೆ?"

ಹೇಳಿದೆ. ಮಂಗಳವಾರ, ಹೆಡ್‌ಮಾಸ್ಟರ ಸೋಫಾ, ಸ್ಪ್ರಿಂಗಿನ ಸಂದಿ, ಹಿಮ್ಮಡಿ, ಪಾದ, ಹೆಬ್ಬೆರಳಿನ ಬುಡ. ಸೂಜಿ ಬಿತ್ತು ಎಂದದ್ದು. ಡಬ್ಬಿ. ಹಿತ್ತಲು. ನಿಮಗೆ ಗೊತ್ತಾಗಲಿಲ್ಲ ಎಂದು ನಾನು ಖುಷಿಪಟ್ಟದ್ದನ್ನೂ ಹೇಳಿದೆ. ಅದನ್ನು ಹೇಳದೆ ಬಿಟ್ಟಿದ್ದರೆ ಉಳಿದದ್ದು ಹೇಳಿಯೂ ಪ್ರಯೋಜನವಿರಲಿಲ್ಲ.

"ಎಷ್ಟು ದೊಡ್ಡದು?"

ಅಂಗೈ ಬಿಡಿಸಿ ತೋರಿಸಿದೆ. ಇವರು ಕಾಲು ಮೇಲೆಳೆದುಕೊಳ್ಳುತ್ತಾರೆ ಎಂದು ಕಾದೆ. ಎಳೆದುಕೊಳ್ಳಲಿಲ್ಲ. ನನ್ನ ಅಂಗೈಯನ್ನು ನೋಡಿದರು, ಆಮೇಲೆ ಹೊದಿಕೆಯ ಆಚೆ ಚಾಚಿದ್ದ ತಮ್ಮ ಪಾದವನ್ನು ನೋಡಿದರು. ತಾವು ಕಾಣದ ಆ ನಡಿಗೆಯನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಕಣ್ಣಿನಲ್ಲೇ ಒಂದು ಸಲ ನಡೆಸಿದರು ಎಂದು ನನಗನ್ನಿಸಿತು.

"ಕಿರುಚಬೇಕಿತ್ತು ಕಣೇ," ಎಂದರು.

ಬೈದಂತೆ ಹೇಳಲಿಲ್ಲ. ಅಂಗಡಿಯಲ್ಲಿ ಯಾವುದೋ ಕವರಿನ ಅಳತೆ ಒಂದು ಇಂಚು ಕಡಿಮೆಯಾದಾಗ ಹೇಳುವ ದನಿಯಲ್ಲೇ 'ಇನ್ನೊಂಚೂರು ಬಿಡಬೇಕಿತ್ತು' ಎಂದ ಹಾಗೆ ಹೇಳಿದರು. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ನೀವೇ ಅಲ್ಲವೇ ಕಿರುಚಬೇಡ ಎಂದದ್ದು ಎನ್ನುತ್ತಿದ್ದೆ. ಆ ಮಾತು ನನ್ನ ಬಾಯಿಗೆ ಬರಲಿಲ್ಲ, ಅವರೂ ಎತ್ತಲಿಲ್ಲ.

ಹೊರಗಿನ ಓಣಿಯಲ್ಲಿ ಸ್ಟ್ರೆಚರಿನ ಗಾಲಿಯ ಸದ್ದು ಕೇಳಿಸಿತು. ಪಕ್ಕದ ವಾರ್ಡಿನ ಮುಂದೆ ನಿಂತು, ಯಾರನ್ನೋ ಏನೋ ಕೇಳಿ, ಮತ್ತೆ ಹೊರಟಿತು. ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ಭುಜ ಅಲುಗುತ್ತಿತ್ತು. ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ, ಅವತ್ತೂ ಮುಖ ಕಾಣಲಿಲ್ಲ.

ನಾನು ಬ್ಯಾಂಡೇಜಿನ ಮೇಲೆ, ಬೆರಳುಗಳು ಹೊರಗೆ ಕಾಣುವ ಜಾಗದಲ್ಲಿ ಕೈ ಇಟ್ಟೆ. ಬೆರಳು ಬಿಸಿಯಾಗಿದ್ದವು. ಒಂದೊಂದಾಗಿ ಐದನ್ನೂ ಹಿಡಿದೆ, ಸವರಿದೆ, ಮೆಲ್ಲಗೆ ಒತ್ತಿದೆ. ಇವರು ಗೋಡೆಯನ್ನೇ ನೋಡುತ್ತಿದ್ದರು.

"ರೀ," ಎಂದೆ. "ನಿಮ್ಮ ಕಾಲ ಮೇಲೆ ನನ್ನ ಕೈ ಇದೆ."

"ಹೌದಾ," ಎಂದರು.

"ಹೂಂ. ಇದೆ."

"ಇಟ್ಟಿರು," ಎಂದರು. "ತೆಗೆಯುವಾಗ ಹೇಳು."